ಬೇರೆ ಟಬ್ಬು

ಹಿರೇಕೆರೂರಿನ ಒಂದು ಖಾಸಗಿ ದವಾಖಾನೆಯಲ್ಲಿ ನಾನು ನರ್ಸು. ನರ್ಸು ಅಂದರೆ ಸೂಜಿ ಚುಚ್ಚುವವಳು ಎಂದು ಜನ ತಿಳಿದಿದ್ದಾರೆ. ನಿಜವಾಗಿ ನಮ್ಮದು ಕೈ ತೊಳೆಯುವ ಕೆಲಸ. ಒಬ್ಬರನ್ನು ಮುಟ್ಟಿ ತೊಳಿ, ಇನ್ನೊಬ್ಬರನ್ನು ಮುಟ್ಟುವ ಮೊದಲು ಮತ್ತೆ ತೊಳಿ. ಸಂಜೆ ಮನೆಗೆ ಬರುವ ಹೊತ್ತಿಗೆ ಬೆರಳಿನ ಚರ್ಮ ಸುಕ್ಕುಗಟ್ಟಿರುತ್ತದೆ, ಮಾತಾಡಲು ಬಾಯಿ ಬರುವುದಿಲ್ಲ. ಆದರೆ ಅವ್ವ ದಿನವಿಡೀ ಮಾತು ಕೂಡಿಟ್ಟುಕೊಂಡು ಕೂತಿರುತ್ತಾಳೆ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಶುರು: ಗೌಡ ಇವತ್ತು ಎಷ್ಟು ತಿಂದ, ಯಾರ ಪಾಲು ಕಸಿದುಕೊಂಡ, ಮಧ್ಯಾಹ್ನ ಯಾವ ಮೂಲೆಯಲ್ಲಿ ತೂಕಡಿಸುತ್ತಿದ್ದ.

ಗೌಡ ಅಂದರೆ ನಮ್ಮ ಅಕ್ವೇರಿಯಮ್ಮಿನ ದೊಡ್ಡ ಗೋಲ್ಡ್ ಫಿಶ್. ಕೇಸರಿ ಬಣ್ಣ, ಮುಂದಕ್ಕೆ ಉಬ್ಬಿದ ಹೊಟ್ಟೆ. ಹೆಸರಿಟ್ಟವಳು ಅವ್ವನೇ. "ದುಡಿಯಂಗಿಲ್ಲ, ದಣಿಯಂಗಿಲ್ಲ, ಉಣ್ಣಾಕ ಮಾತ್ರ ಎಲ್ಲಾರಕಿಂತ ಮುಂದ. ಗೌಡ ಅಲ್ಲದ ಮತ್ತೇನು?" ಅವನ ಜೊತೆ ಇನ್ನೂ ಮೂರು ಸಣ್ಣ ಮೀನು ಇದ್ದವು, ಅವಕ್ಕೆ ಹೆಸರಿಲ್ಲ. ಅವ್ವ, ಹೆಸರು ಕರೆವ್ವ, ಬೇರೆಯವರ ಗೋವಿನಜೋಳದ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳು. ಮೊಣಕಾಲು ಕೈಕೊಟ್ಟ ಮೇಲೆ ಊರಿಂದ ಕರೆತಂದು ಈ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡೆ. ಓಣಿಯಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಟಿವಿ ನೋಡುವವರು. ಅವ್ವನಿಗೆ ಮಾತಿಗೆ ಸಿಕ್ಕಿದ್ದು ಗೌಡ ಒಬ್ಬನೇ. ಸ್ಟೂಲು ಹಾಕಿಕೊಂಡು ಅವನೆದುರು ಕೂತರೆ ಅವಳಿಗೆ ಕಾಲುನೋವು ಮರೆಯುತ್ತಿತ್ತು. ಅವನಿಗೆ ಏನಾದರೂ ಆದರೆ ಇವಳ ಗತಿ ಏನು ಎಂದು ನನಗೆ ಆಗಾಗ ಭಯವಾಗುತ್ತಿತ್ತು.

ಸಂತೆಯ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ದಾದಾಪೀರನ ಮೀನಿನಂಗಡಿ ಮುಂದೆ ಹಾಯ್ದು ಬರುವಾಗ ಎರಡು ಬಿಳಿಯ ಗೋಲ್ಡ್ ಫಿಶ್ ಕಂಡವು. ಅವ್ವನ ಸಂಸಾರ ದೊಡ್ಡದಾಗಲಿ ಎಂದು ತೆಗೆದುಕೊಂಡೆ. ದಾದಾಪೀರ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ ರಬ್ಬರ್ ಹಾಕುತ್ತಾ, "ಸಿಸ್ಟರ್, ಸೀದಾ ಹಳೇವ್ರ ಜೋಡಿ ಬಿಡಬ್ಯಾಡ್ರಿ. ನಿನ್ನೆ ಬಂದ ಮಾಲ್ರಿ ಇದು. ಎರಡು ಮೂರು ವಾರ ಬ್ಯಾರೆ ಇಟ್ಟು ನೋಡ್ರಿ" ಎಂದ. ಅವನು ಹೇಳದಿದ್ದರೂ ನಾನು ಹಾಗೇ ಮಾಡುತ್ತಿದ್ದೆ. ಹೊಸ ಪೇಶಂಟನ್ನು ಪರೀಕ್ಷೆ ಇಲ್ಲದೆ ವಾರ್ಡಿಗೆ ತಳ್ಳುವವರ ಪೈಕಿ ಅಲ್ಲ ನಾನು.

ಹಿತ್ತಲಿನ ಬಚ್ಚಲಲ್ಲಿ ನೀಲಿ ಟಬ್ಬು ಇಟ್ಟು ಅವನ್ನು ಬಿಟ್ಟೆ. ಬೇರೆ ಬಲೆ, ಬೇರೆ ಚಂಬು. ಗುರುತಿಗೆ ಚಂಬಿನ ಕೊರಳಿಗೆ ಕೆಂಪು ದಾರ ಕಟ್ಟಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅವ್ವಾ, ಈ ಚಂಬು ಒಳಗಿನ ಟ್ಯಾಂಕಿಗೆ ಅದ್ದಬ್ಯಾಡ. ಇವನ್ನ ಮುಟ್ಟಿದ ಕೈಲೆ ಅವನ್ನ ಮುಟ್ಟಬ್ಯಾಡ. ಸೋಪ ಹಚ್ಚಿ ತೊಳಕೊ."

"ಇವಕ್ಕೇನ ಜಡ್ಡ ಐತೇನು?"

"ಗೊತ್ತಿಲ್ಲ. ಇರಬೌದು."

"ಗೊತ್ತಿಲ್ಲದನ ಹೊರಗ ಇಟ್ಟೀಯೇನು?"

"ಗೊತ್ತಾಗಲಿ ಅಂತನ ಇಟ್ಟೇನಿ."

"ಚಂಬೂ ಬ್ಯಾರೆ."

"ಹೂಂ ಅವ್ವಾ."

ನನಗೆ ನಿಂತಲ್ಲೇ ನಿದ್ದೆ ಬರುತ್ತಿತ್ತು, ಹೋಗಿ ಮಲಗಿದೆ.

ಅವ್ವ ಚಿಕ್ಕವಳಿದ್ದಾಗ ಅವಳ ಊರಿನ ಚಹಾದಂಗಡಿಯಲ್ಲಿ ನಮ್ಮ ಕೇರಿಯವರಿಗೆಂದೇ ಬೇರೆ ಕಪ್ಪು ಇರುತ್ತಿತ್ತಂತೆ. ಸೂರಿನಲ್ಲಿ ಸಿಕ್ಕಿಸಿ ಇಡುತ್ತಿದ್ದರು. ತೆಗೆದು, ಕುಡಿದು, ತಾವೇ ತೊಳೆದು, ಮತ್ತೆ ಸೂರಿಗೆ ಸಿಕ್ಕಿಸಬೇಕು. ನಮ್ಮ ಮನೆಯಲ್ಲಿ ಬುದ್ಧನ ಫೋಟೊ ಬಂದದ್ದು ಆಮೇಲೆ, ಅಪ್ಪನ ಕಾಲದಲ್ಲಿ. ಫೋಟೊ ಬರುವ ಮೊದಲೇ ಅವ್ವ ತನ್ನದೊಂದು ಪದ್ಧತಿ ಮಾಡಿಕೊಂಡಿದ್ದಳು. ಮನೆಗೆ ಯಾರೇ ಬರಲಿ, ಕರೆಂಟಿನವನೇ ಬರಲಿ, ಮತ ಕೇಳುವವರೇ ಬರಲಿ, ತಾನು ಕುಡಿಯುವ ಚಂಬಿನಲ್ಲೇ ನೀರು ಕೊಡುವುದು, ಅವರು ಕುಡಿದ ಮೇಲೆ ಉಳಿದದ್ದನ್ನು ತಾನು ಕುಡಿಯುವುದು. ನರ್ಸಾದ ಮೇಲೆ ನಾನು ಇದಕ್ಕೆ ಎಷ್ಟು ಸಲ ಜಗಳ ತೆಗೆದಿದ್ದೇನೋ ಲೆಕ್ಕವಿಲ್ಲ. ಅವಳು ಜಗ್ಗಿದವಳಲ್ಲ. ಆ ಚಹಾದಂಗಡಿಯ ಕತೆಯನ್ನು ಕೇಳಿ ಕೇಳಿ ನನ್ನ ಕಿವಿ ಸವೆದಿತ್ತು. ಕೆಂಪು ದಾರ ಕಟ್ಟುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಮುಂದಿನ ಕೆಲವು ದಿನ ಗೌಡನ ವರದಿ ನಿಂತುಹೋಯಿತು. ಕೇಳಿದರೆ, "ಅವನಿಗೇನಾಗೇತಿ, ಅರಾಮ ಅದಾನ. ಹಿತ್ತಲದಾವು ಮಾರಿ ಸಣ್ಣ ಮಾಡಕೊಂಡ ಮೂಲಿ ಹಿಡದಾವು" ಅನ್ನುತ್ತಿದ್ದಳು. ಹೊಸ ಜಾಗ, ಹಾಗೇ ಇರುತ್ತವೆ ಎಂದೆ. ಮೂಲೆ ಹಿಡಿದ ಮೀನನ್ನು ನರ್ಸಾದ ನಾನು ಬಗ್ಗಿ ನೋಡಬೇಕಿತ್ತು. ದವಾಖಾನೆಯಲ್ಲಿ ಜ್ವರದ ಕೇಸುಗಳು ತುಂಬಿ, ಕಾಲು ಬಿದ್ದುಹೋಗುವಷ್ಟು ಓಡಾಟ. ಮನೆಗೆ ಬಂದು ಬಗ್ಗಲು ಸೊಂಟ ಒಪ್ಪುತ್ತಿರಲಿಲ್ಲ.

ಒಂದು ಸಂಜೆ ಬಂದಾಗ ಬಚ್ಚಲಲ್ಲಿ ಟಬ್ಬು ಬೋರಲಾಗಿತ್ತು. ಚಂಬಿನ ಕೊರಳಲ್ಲಿ ದಾರವಿರಲಿಲ್ಲ. ಒಳಗೆ ಓಡಿದೆ. ಅವ್ವ ಸ್ಟೂಲಿನ ಮೇಲೆ ಕೂತಿದ್ದಳು, ಟ್ಯಾಂಕಿನಲ್ಲಿ ಆರು ಮೀನು.

"ನಾನ ಬಿಟ್ಟೆ" ಎಂದಳು, ಮುಚ್ಚಿಡಲಿಲ್ಲ. "ನಮ್ಮನ್ಯಾಗ ಬ್ಯಾರೆ ಚಂಬು ಇರಬಾರದು, ಮಧು. ನನ್ನ ಕಣ್ಣಿಂದ ನೋಡಾಕ ಆಗಲಿಲ್ಲ."

ಆಗ ನನಗೆ ಚಹಾದಂಗಡಿಯ ಕತೆ ನೆನಪಾಯಿತು. ಅರ್ಥವೂ ಆಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಅವು ಮೀನು, ಅವ್ವಾ. ಮನಷಾರಲ್ಲ. ಗೌಡಗ ಏನರ ಆತಂದ್ರ ನೀನ ಮಾಡಿದ್ದು ಅಂತ ತಿಳಕೊ. ಇನ್ನ ಮ್ಯಾಲ ನನ್ನ ಕೇಳದ ಆ ನೀರು ಮುಟ್ಟಬ್ಯಾಡ."

ಅವ್ವ ಮೊಣಕಾಲಿಗೆ ಕೈ ಊರಿ ಎದ್ದಳು. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ವಾರ ತುಂಬುವ ಮೊದಲೇ ಬಿಳಿ ಮೀನಿನ ಬಾಲದ ಮೇಲೆ ರವೆಯಂಥ ಚುಕ್ಕೆ ಕಂಡವು. ಬಿಳಿಯ ಮೈಮೇಲೆ ಬಿಳಿಯ ಚುಕ್ಕೆ, ಯಾವಾಗಿನಿಂದ ಇದ್ದವೋ ಯಾರಿಗೆ ಗೊತ್ತು. ಎರಡು ದಿನಕ್ಕೆ ಗೌಡನ ಮೈತುಂಬ. ಅವನು ಟ್ಯಾಂಕಿನ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದ, ಕಾಳು ಹಾಕಿದರೆ ಮೇಲೆ ಬರುತ್ತಿರಲಿಲ್ಲ. ದಾದಾಪೀರನಿಗೆ ಫೋನು ಮಾಡಿದೆ.

"ಒಂದಕ್ಕ ಬಂತಂದ್ರ ಎಲ್ಲಾ ನೀರಿಗೂ ಬಂದಂಗರಿ ಸಿಸ್ಟರ್. ಟ್ಯಾಂಕಿಗೆಲ್ಲಾ ಔಷಧ ಹಾಕ್ರಿ, ಉಪ್ಪು ಹಾಕ್ರಿ. ದೊಡ್ಡದು ಭಾಳ ಸೋತಿದ್ರ ಅದನ್ನಷ್ಟ ಬ್ಯಾರೆ ತಗದ ಇಡ್ರಿ, ಉಳದಾವು ಕಚ್ಚಿ ಹಾಕತಾವು."

ಹೀಗೆ ಗೌಡ ಹಿತ್ತಲಿನ ಟಬ್ಬಿಗೆ ಹೋದ. ದಿನಾ ಡ್ಯೂಟಿ ಮುಗಿಸಿ ಬಂದು ಬಕೆಟ್ಟಿನಲ್ಲಿ ನೀರು ಹೊತ್ತು, ಹಳೆಯದನ್ನು ಚೆಲ್ಲಿ, ಹೊಸದನ್ನು ತುಂಬಿ, ಔಷಧದ ಹನಿ ಎಣಿಸುವುದು ನನ್ನ ಎರಡನೆಯ ಪಾಳಿಯಾಯಿತು. ಬೈಯುವಷ್ಟೂ ಶಕ್ತಿ ಉಳಿದಿರಲಿಲ್ಲ. ನಾನು ಕೆಲಸ ಮಾಡುವಷ್ಟು ಹೊತ್ತು ಅವ್ವ ಬಚ್ಚಲಿನ ಹೊಸ್ತಿಲಿನ ಆಚೆ ನಿಂತು ನೋಡುವಳು. ಮೊಣಕಾಲು ನೋಯುತ್ತಿದ್ದರೂ ಕೂಡುತ್ತಿರಲಿಲ್ಲ. ಒಳಗೆ ಬಾ ಅನ್ನಬೇಕು ಎಂದು ನನಗೂ ಹೊಳೆಯಲಿಲ್ಲ.

ಒಳಗಿನ ಐದೂ ಚೇತರಿಸಿಕೊಂಡವು, ಜಡ್ಡು ತಂದ ಬಿಳಿಯ ಜೋಡಿ ಎಲ್ಲಕ್ಕಿಂತ ಮೊದಲು. ಗೌಡ ಮಾತ್ರ ದಿನದಿನಕ್ಕೆ ಕೆಳಗಿಳಿದ. ಭಾನುವಾರ ಬೆಳಗ್ಗೆ ನೋಡಿದರೆ ಒಂದು ಮಗ್ಗುಲಾಗಿ ತೇಲುತ್ತಿದ್ದ. ಕಿವಿರು ತೆರೆಯುತ್ತಿತ್ತು, ತಡೆದು ಮುಚ್ಚುತ್ತಿತ್ತು. ದವಾಖಾನೆಯಲ್ಲಿ ಇಂಥ ಉಸಿರು ನೋಡಿದ್ದೇನೆ. ಔಷಧದ ಬಾಟಲಿ ತೆಗೆದವಳು ಹಾಗೇ ಕೆಳಗಿಟ್ಟೆ.

"ಅವ್ವಾ" ಎಂದು ಕೂಗಿದೆ.

ಅವಳು ಅಲ್ಲೇ ಇದ್ದಳು, ಹೊಸ್ತಿಲಿನ ಆಚೆ. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಟಬ್ಬನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಮಧು, ನಾ ಮುಟ್ಟಬೌದೇನವಾ?"

ನನ್ನ ಅವ್ವ, ನನ್ನ ಮನೆಯಲ್ಲಿ, ನನ್ನನ್ನು ಕೇಳಿದ್ದು. ಯಾರೆದುರೂ ಈ ಮಾತು ಕೇಳುವ ಹೊತ್ತು ತನ್ನ ಮಗಳಿಗೆ ಬರಬಾರದೆಂದು ಇವಳು ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡಿದ್ದಳು. ಆ ಮಗಳೇ ಅವಳ ಬಾಯಿಂದ ಅದನ್ನು ಹೊರಡಿಸಿದ್ದಳು. ಎದ್ದು ಹೋಗಿ ಸೆರಗಿನಿಂದ ಅವಳ ಕೈ ಬಿಡಿಸಿ, ಹಿಡಿದು ಒಳಗೆ ಕರೆತಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂಡಿಸಿದೆ. ನಾನೇ ಅವಳ ಕೈಯನ್ನು ನೀರಿಗೆ ಇಳಿಸಿದೆ.

ಅವ್ವ ಗೌಡನ ಹೊಟ್ಟೆಯ ಕೆಳಗೆ ಅಂಗೈ ಹಿಡಿದಳು. ಅವನು ಅಂಗೈ ಮೇಲೆ ಒರಗಿದ. ಕಿವಿರು ತೆರೆಯಿತು, ಮುಚ್ಚಿತು. ಇನ್ನೊಮ್ಮೆ ತೆರೆಯಲೆಂದು ಇಬ್ಬರೂ ಕಾದೆವು. ತೆರೆಯಲಿಲ್ಲ. ನಾನು ಅವ್ವನ ಹೆಗಲ ಮೇಲೆ ತಲೆಯಿಟ್ಟು ಅತ್ತೆ, ಅವಳು ಅಳಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಅವನನ್ನು ಮೆಲ್ಲಗೆ ಬಿಟ್ಟು ಕೈ ಮೇಲೆತ್ತಿದಳು. ನೀರು ಸೋರುತ್ತಿದ್ದ ಆ ಕೈಯನ್ನು ತನ್ನ ಸೀರೆಗೂ ನನಗೂ ತಾಗದಂತೆ ದೂರ ಹಿಡಿದು ಹೇಳಿದಳು:

"ಸೋಪ ಕೊಡವಾ. ಒಳಗ ಇನ್ನೂ ಐದು ಅದಾವು."