ಅರಿಷಿಣದ ಫ್ಲಾಪಿ

ಸೂತಕ ಕಳೆದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ನಲ್ಲಿಗೆ ನೀರು ಬಂತು. ತುಂಬಿಸಿಟ್ಟೆ. ಒಂಬತ್ತಕ್ಕೆ ಖಾನಾಪುರದಿಂದ ರಿಜ್ವಾನ ಫೋನ್ ಮಾಡಿದ. ಅಲ್ಲಿ ಅವನದೊಂದು ಟೈಪಿಂಗ್ ಅಂಗಡಿ ಇದೆ, ಒಂದೇ ಕಂಪ್ಯೂಟರ್. ಅದನ್ನು ರಿಪೇರಿ ಮಾಡುತ್ತಿದ್ದವರು ತೀರಿಹೋದ ನನ್ನ ಗಂಡ ನಾಗಲಿಂಗ.

“ವೈನಿ, ಈಗ ಕೇಳಬಾರ್ದು. ಅಣ್ಣ ನಂದೊಂದು ಫ್ಲಾಪಿ ಒಯ್ದಿದ್ರು. ಸಿಡಿ ಡ್ರೈವಿಂದು.”

ಹಾರ್ಡ್ ಡಿಸ್ಕ್ ಕೆಟ್ಟು ಹೊಸದು ಹಾಕಿಸಿದ್ದ. ವಿಂಡೋಸ್ ಇರುವುದು ಸಿಡಿಯಲ್ಲಿ. ಅವನ ಡ್ರೈವ್ ಹಳೆಯದು, ಸೌಂಡ್ ಕಾರ್ಡಿಗೆ ಸಿಕ್ಕಿಸುವಂಥದು. ಅದರದೇ ಡ್ರೈವರ್ ಫೈಲ್ ಹಾಕದಿದ್ದರೆ ಅಂಥದೊಂದು ಡ್ರೈವ್ ಇದೆಯೆಂದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಆ ಫೈಲ್ ಇದ್ದದ್ದು ಆ ಫ್ಲಾಪಿಯಲ್ಲಿ ಮಾತ್ರ. ಹದಿಮೂರು ದಿನದಿಂದ ಅಂಗಡಿ ಬಂದ್; ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಿದ್ದರು. ಸೂತಕ ಮುಗಿಯಲಿ ಎಂದು ಅವನು ಕಾದಿದ್ದ.

ಫ್ಲಾಪಿ ಮೇಜಿನ ಖಾನೆಯಲ್ಲಿರಲಿಲ್ಲ. ಹಿತ್ತಲಲ್ಲಿ, ಚಮಚಗಳ ಜೊತೆ ಬಿಸಿಲಿಗಿತ್ತು.

“ತೊಳದೇನಿ,” ಎಂದರು ಅತ್ತೆ ಸಾವಂತ್ರವ್ವ. “ಸೂತಕದ ಮನ್ಯಾಗಿನ ಸಾಮಾನು ಎಲ್ಲಾ ತೊಳೀಬೇಕು.”

“ಅರಿಷಿಣಾನೂ ಹಾಕಿದ್ರೇನ್ರಿ?”

“ಹಾಕಲಾರದ ಹ್ಯಾಂಗ? ಅದರಾಗ ಏನೈತಿ?”

“ಖಾನಾಪುರದವರ ಅಂಗಡಿ ಐತ್ರಿ.”

ನನ್ನ ಎಂ.ಎಸ್ಸಿ. ರಸಾಯನಶಾಸ್ತ್ರದಲ್ಲಿ. ಅರಿಷಿಣದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಕವಚ ಬಿಚ್ಚಿ, ಒಳಗಿನ ಕಪ್ಪು ತಟ್ಟೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಆರಿದ ಮೇಲೆ ಬೇರೊಂದು ಫ್ಲಾಪಿಯ ಕವಚದೊಳಗೆ ಕೂರಿಸಿ, ನನ್ನ ಗಂಡನ ಕಂಪ್ಯೂಟರಿಗೆ ಹಾಕಿದೆ. ಓದಲಾಗುತ್ತಿಲ್ಲ, ನಿಲ್ಲಿಸಲೋ, ಮತ್ತೆ ನೋಡಲೋ ಎಂದು ಕೇಳಿತು. ಮತ್ತೆ ನೋಡು ಎಂದೆ. ಹನ್ನೊಂದು ಸಲ ಕೇಳಿತು. ಹನ್ನೆರಡನೆಯ ಸಲ ಫೈಲ್ ಕಾಪಿ ಆಯಿತು. ಅದನ್ನು ಕಂಪ್ಯೂಟರ್ ಚಾಲೂ ಮಾಡುವಂಥ ಹೊಸ ಫ್ಲಾಪಿಗೂ ಹಾಕಿದೆ.

ಸೀರೆ ಬದಲಿಸಿದ್ದು ಕಂಡು ಅತ್ತೆ ಬಾಗಿಲಿಗೆ ಬಂದರು. “ತಿಂಗಳ ತುಂಬೂತನಾ ಹೊಸ್ತಿಲ ದಾಟಬಾರ್ದು.”

“ಇದು ರಿಜ್ವಾನಂದು. ನಿಮ್ಮ ಮಗ ಇಸ್ಕೊಂಡು ಬಂದಿದ್ರು.”

ಅವರು ಬಹಳ ಹೊತ್ತು ಫ್ಲಾಪಿ ನೋಡಿದರು. “ಹಂಗಾರ ಕೊಟ್ಟು ಬಾ. ಚಹಾಕ್ಕ ಕುಂದರಬ್ಯಾಡ.”

ಖಾನಾಪುರದ ಅಂಗಡಿಗೆ ಹೋದಾಗ ರಿಜ್ವಾನ ಎದ್ದು ನಿಂತ. ಕುರ್ಚಿ ಒರೆಸಿದ. ನಾನು ಕೂರಲಿಲ್ಲ. ಹೊಸ ಫ್ಲಾಪಿ ಹಾಕಿ ಕಂಪ್ಯೂಟರ್ ಚಾಲೂ ಮಾಡಿದ. ಒಂದು ಡ್ರೈವ್ ಸಿಕ್ಕಿದೆ ಎಂದು ಪರದೆಯ ಮೇಲೆ ಬಂತು. ಅವನು ಕಣ್ಣೊರೆಸಿಕೊಂಡ.

“ಅಣ್ಣ ಇದ್ರ ಹತ್ತು ನಿಮಿಷದ ಕೆಲಸ, ವೈನಿ.”

“ಅವರು ಫ್ಲಾಪಿ ಒಯ್ದು ಮೂರು ತಿಂಗಳಾಗಿತ್ತು, ವಾಪಸ್ ಕೊಟ್ಟಿರ್ಲಿಲ್ಲ,” ಎಂದೆ.

ಅವನು ನಕ್ಕುಬಿಟ್ಟ, ಆಮೇಲೆ ಹೆದರಿ ನನ್ನ ಮುಖ ನೋಡಿದ. ಹಳೆಯ ಫ್ಲಾಪಿಯನ್ನೂ ಅವನ ಕೈಗೆ ಕೊಟ್ಟೆ.