ಗಂಗಿಯ ಕೊರಳಿನ ಗಂಟೆ

ಹೇಸರಗತ್ತೆಗೆ ಬುದ್ಧಿ ಇಲ್ಲ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಂದು ದಿನ ಅದರ ಹಿಂದೆ ಗುಡ್ಡ ಹತ್ತಿ ನೋಡಲಿ, ಆಮೇಲೆ ಬಾಯಿ ತೆಗೆಯಲಿ. ಕುದುರೆ ಹೆದರಿದರೆ ಓಡುತ್ತದೆ, ಎತ್ತು ಹೊಡೆದರೆ ನಡೆಯುತ್ತದೆ. ಹೇಸರಗತ್ತೆ ಹಾಗಲ್ಲ, ನಿಂತು ಯೋಚನೆ ಮಾಡುತ್ತದೆ. ಅದನ್ನೇ ಜನ ಹಟ ಅನ್ನುತ್ತಾರೆ.

ಜರ್ಮನಿ ಯುದ್ಧ ಮುಗಿದ ಮೇಲೆ ಬಳ್ಳಾರಿ ದಂಡಿನಲ್ಲಿ ಪಲ್ಟನ್ನಿನ ಪ್ರಾಣಿಗಳನ್ನು ಹರಾಜಿಗಿಟ್ಟರು. ನಮ್ಮ ಯಜಮಾನರ ಹೆಸರು ನಾನು ಹೇಳುವಂತಿಲ್ಲ, ಹೊಸಪೇಟೆಯವರೆಲ್ಲ ಉಜ್ಜಿನಪ್ಪ ಎನ್ನುತ್ತಾರೆ. ಎತ್ತು ತರುತ್ತೇನೆಂದು ಹೋದ ಪುಣ್ಯಾತ್ಮರು ಎಂಟು ಹೇಸರಗತ್ತೆ, ಒಂದು ಮುದಿ ಬಿಳಿ ಹೆಣ್ಣುಕುದುರೆ ಹೊಡೆದುಕೊಂಡು ಬಂದರು. ನಮ್ಮ ಅತ್ತೆ ಮರುಳಸಿದ್ದಮ್ಮ ಹೊಸ್ತಿಲಲ್ಲೇ ನಿಂತು ಹಣೆ ಚಚ್ಚಿಕೊಂಡರು. ಅಪ್ಪ ಕತ್ತೆ, ಅವ್ವ ಕುದುರೆ, ಮುಂದೆ ಸಂತಾನವೇ ಇಲ್ಲ, ಇಂಥದ್ದನ್ನು ಲಿಂಗಪೂಜೆಯ ಮನೆಗೆ ತಂದಿದ್ದೀಯಲ್ಲ ಎಂದು ಮಗನನ್ನು ತರಾಟೆಗೆ ತೆಗೆದುಕೊಂಡರು. ಅವತ್ತಿನಿಂದ ಹಿತ್ತಲಿಗೆ ಕಾಲಿಡುವುದನ್ನೇ ಬಿಟ್ಟರು.

ಅವುಗಳ ಚಾಕರಿ ನನ್ನ ತಲೆಗೆ ಬಂತು. ಬೈದುಕೊಂಡೇ ಶುರು ಮಾಡಿದೆ, ಆದರೆ ಎಷ್ಟು ದಿನ ಬೈಯುತ್ತೀರಿ? ನೀರು ಸ್ವಲ್ಪ ಕಲಕಿದ್ದರೂ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದವು, ತಿಳಿನೀರು ತಂದಿಟ್ಟರೆ ಮಾತ್ರ ಕುಡಿಯುತ್ತಿದ್ದವು. ಹುರುಳಿ ಎಷ್ಟೇ ಸುರಿದರೂ ಹೊಟ್ಟೆ ತುಂಬಿದ ಮೇಲೆ ಒಂದು ಕಾಳು ಮುಟ್ಟುತ್ತಿರಲಿಲ್ಲ. ನಮ್ಮ ಮನೆಯ ಗಂಡಸರಿಗೂ ಅಷ್ಟು ಬುದ್ಧಿ ಇಲ್ಲ. ಎಂಟರಲ್ಲಿ ದೊಡ್ಡವನಿಗೆ ನಾನು ಸುಬೇದಾರ ಎಂದು ಹೆಸರಿಟ್ಟೆ. ಹೊರೆ ಒಂದು ಸೇರು ಹೆಚ್ಚಾದರೂ ಅವನು ಕದಲುತ್ತಿರಲಿಲ್ಲ, ಇಳಿಸಿದರೆ ಏನೂ ಆಗದವನ ಹಾಗೆ ಹೊರಡುತ್ತಿದ್ದ.

ಎಲ್ಲಕ್ಕಿಂತ ಸೋಜಿಗವೆಂದರೆ ಆ ಮುದಿ ಕುದುರೆ ಗಂಗಿಯ ಮೇಲೆ ಅವುಗಳಿಗಿದ್ದ ಪ್ರೀತಿ. ಗಂಗಿಯ ಕೊರಳಲ್ಲಿ ಒಂದು ಹಳೆಯ ಕಂಚಿನ ಗಂಟೆ, ಒಡಕು ದನಿಯದು. ಆ ಗಂಟೆ ಎಲ್ಲಿ ಹೋಯಿತೋ ಎಂಟೂ ಅದರ ಹಿಂದೆ. ಹಗ್ಗ ಬೇಡ, ಬಾರುಕೋಲು ಬೇಡ. ಮಂಜು ಮುಸುಕಿ ಗಂಗಿ ಕಾಣದಿದ್ದರೂ ದನಿ ಕಿವಿಗೆ ಬಿದ್ದರೆ ಸಾಕು, ಸಾಲು ಕೆಡುತ್ತಿರಲಿಲ್ಲ.

ಆದರೆ ಕೆಲಸ ಕೊಡುವವರು ಬೇಕಲ್ಲ! ಊರವರು ನೋಡಿ ನಕ್ಕರೇ ಹೊರತು ಒಂದು ಮೂಟೆ ಹೊರಿಸಲಿಲ್ಲ. ಕೊನೆಗೆ ಸಂಡೂರಿನ ಗುಡ್ಡದ ಮೇಲೆ ಮ್ಯಾಂಗನೀಸ್ ಗಣಿ ನಡೆಸುವವರ ಏಜೆಂಟ್ ಗೋಪೀನಾಥರಾಯರು ಒಪ್ಪಿದರು. ಕೂಲಿಗಳ ಅಕ್ಕಿ ಮೇಲೆ ಹೋಗಬೇಕಿತ್ತು, ಬಂಡಿಗೆ ದಾರಿ ಇರಲಿಲ್ಲ. ಸೋಮವಾರ ಒಂದು ಸಲ ಸಾಗಿಸಿ ತೋರಿಸಿದರೆ ಸುಗ್ಗಿಯವರೆಗಿನ ಕೆಲಸ ನಮಗೆ, ಇಲ್ಲದಿದ್ದರೆ ಗವಿಸಿದ್ದಪ್ಪನ ಹೇರೆತ್ತುಗಳಿಗೆ ಎಂದರು. ಇದೂ ತಪ್ಪಿದರೆ ಮೇವು ಹಾಕಿ ಸಾಕಲು ನನ್ನಿಂದಾಗದು, ಬಳ್ಳಾರಿಯ ದಲ್ಲಾಳಿಗೆ ಎಲ್ಲವನ್ನೂ ಕೊಟ್ಟುಬಿಡುತ್ತೇನೆ ಎಂದರು ನಮ್ಮ ಯಜಮಾನರು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಭಾನುವಾರ ಅತ್ತೆ ಪೇಟೆಯಿಂದ ಒಂದು ಹೊಸ ಗಂಟೆ ತಂದರು. ಜಂಬುನಾಥನಿಗೆ ಹರಕೆ ಇದೆ ಎಂದಷ್ಟೇ ಹೇಳಿದರು. ಏನು ಹರಕೆ ಎಂದು ನಾನೂ ಕೇಳಲಿಲ್ಲ, ಹೇಸರಗತ್ತೆಗಳ ಬೆನ್ನಿಗೆ ಹಾಕುವ ಮೆತ್ತೆ ಹೊಲಿಯುವ ಗಡಿಬಿಡಿಯಲ್ಲಿದ್ದೆ. ಅವತ್ತು ಸಂಜೆಯೇ ಅತ್ತೆಯನ್ನೂ ಕರೆದುಕೊಂಡು ಪ್ರಾಣಿಗಳ ಸಮೇತ ಜಂಬುನಾಥನ ಗುಡ್ಡದ ಬುಡಕ್ಕೆ ಹೋಗಿ ಮಲಗಿದೆವು, ಗಣಿಯ ದಾರಿ ಅಲ್ಲಿಂದಲೇ ಶುರು. ಮರುದಿನ ನಾವು ಏಳುವ ಮೊದಲೇ ಅವರು ಮೇಲಿನ ಗುಡಿಗೆ ಹೊರಟುಹೋಗಿದ್ದರು.

ಜಂಬುನಾಥನ ಗುಡ್ಡದ ಬುಡದಲ್ಲಿ ಕಂಪ್ಲಿ ಅಕ್ಕಿಯ ಮೂಟೆ ಹೇರಿದೆವು. ರಾಯರು ಕೊಡೆ ಹಿಡಿದು ನಿಂತಿದ್ದರು. ಗವಿಸಿದ್ದಪ್ಪ ಎತ್ತುಗಳ ಪಕ್ಕದಲ್ಲಿ ಎಲೆಅಡಿಕೆ ಮೆಲ್ಲುತ್ತ ಕೂತಿದ್ದ. ನಮ್ಮ ಯಜಮಾನರು ಹೊರಡು ಎಂದರು. ಗಂಗಿ ಒಂದು ಹೆಜ್ಜೆ ಇಟ್ಟಳು, ಕೊರಳಲ್ಲಿ ಠಣ್ ಎಂದಿತು. ಗಂಗಿ ಬೆದರಿ ನಿಂತಳು.

ಹೋಗಿ ನೋಡುತ್ತೇನೆ, ಫಳಫಳ ಹೊಳೆಯುವ ಹೊಸ ಗಂಟೆ! ಯಾರ ಕೆಲಸವೆಂದು ಕೂಡಲೇ ತಿಳಿಯಿತು. ದೇವರಿಗೆಂದು ತಂದದ್ದನ್ನು ಕುದುರೆಗೆ ಕಟ್ಟಿ, ಕುದುರೆಯದನ್ನು ದೇವರಿಗೆ ಒಯ್ದಿದ್ದರು ಮುದುಕಿ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಜಮಾನರು ಆ ಗಂಟೆ ಬಿಚ್ಚಿ ಕೈಯಲ್ಲಿ ಹಿಡಿದರು. ಗಂಗಿಯನ್ನು ಎಳೆದರೆ ಗಂಗಿ ನಾಲ್ಕು ಹೆಜ್ಜೆ ಬಂದಳು, ಎಂಟೂ ನಿಂತಲ್ಲೇ ನಿಂತವು. ಕಿವಿ ನೆಟ್ಟಗೆ ಮಾಡಿ ಆಚೆ ಈಚೆ ತಿರುಗಿಸುತ್ತಿದ್ದವು. ಪುಸಲಾಯಿಸಿದೆ, ಬೆಲ್ಲ ತೋರಿಸಿದೆ. ಸುಬೇದಾರ ಬೆಲ್ಲ ತಿಂದು ಅಲ್ಲೇ ನಿಂತ.

ರಾಯರು ಬಹಳ ಹೊತ್ತು ಸಹಿಸಿಕೊಂಡರು. ಕೊನೆಗೆ ಹೇಳಿದರು, “ನನ್ನ ಮ್ಯಾಲೆ ಸಿಟ್ಟಾಗಬ್ಯಾಡ ಉಜ್ಜಿನಪ್ಪ, ಗಣಿ ಮ್ಯಾಲೆ ಜನ ಹಸಗೊಂಡು ಕುಂತಾರ. ಅಕ್ಕಿ ಎತ್ತಿನ ಮ್ಯಾಲೆ ಹೇರಿಸಿಬಿಡು.”

ಗವಿಸಿದ್ದಪ್ಪ ಎದ್ದು ಬಂದು ಸುಬೇದಾರನ ಹಗ್ಗಕ್ಕೆ ಕೈ ಹಾಕಿದ. ಅದೇ ಹೊತ್ತಿಗೆ ಮೇಲಿನ ಗುಡಿಯಲ್ಲಿ ಮಂಗಳಾರತಿ ಶುರುವಾಯಿತು. ಒಡಕು ದನಿಯ ಗಂಟೆ!

ಎಂಟೂ ಜೊತೆ ಕಿವಿ ಒಂದೇ ಸಲ ಮೇಲಕ್ಕೆ ತಿರುಗಿದವು. ಗಂಗಿ ಕೆನೆದಳು. ಮುಂದಿನ ಕ್ಷಣ ಗಂಗಿ ಮೆಟ್ಟಿಲ ಮೇಲಿದ್ದಳು, ಅವಳ ಹಿಂದೆ ಸುಬೇದಾರ, ಅವನ ಹಿಂದೆ ಉಳಿದ ಏಳು, ಬೆನ್ನ ಮೇಲೆ ಅಕ್ಕಿ ಮೂಟೆ ಸಮೇತ! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಯಜಮಾನರು ಕೈಯಲ್ಲಿ ಹೊಸ ಗಂಟೆ ಠಣಠಣ ಅನ್ನಿಸುತ್ತ ಓಡಿದರು. ಅಕ್ಕಿಗೆ ಜವಾಬುದಾರರಾದ ರಾಯರು ಕೊಡೆ ಬಿಸಾಕಿ ಓಡಿದರು.

ಅಬ್ಬಾ, ಆ ಹತ್ತುವಿಕೆಯನ್ನು ನೀವು ನೋಡಬೇಕಿತ್ತು! ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು. ಮೂಟೆ ಬಂಡೆಗೆ ತಾಗಬಾರದೆಂದು ಎಂಟೂ ಕೊರಕಲ ಅಂಚಿನಲ್ಲೇ ನಡೆದವು, ನಾನು ಜಂಬುನಾಥನನ್ನು ಕೂಗುತ್ತ ಹಿಂದೆ ಓಡಿದೆ. ಒಂದು ತಿರುವಿನಲ್ಲಿ ಸುಬೇದಾರ ಗಕ್ಕನೆ ನಿಂತ. ಮುಂದಿನ ಕಲ್ಲನ್ನು ಗೊರಸಿನಿಂದ ತಟ್ಟಿ ನೋಡಿದ, ಅದನ್ನು ಬಿಟ್ಟು ಪಕ್ಕದ್ದರ ಮೇಲೆ ಕಾಲಿಟ್ಟ. ಹಿಂದಿನ ಏಳೂ ಹಾಗೇ ಮಾಡಿದವು. ಆಮೇಲೆ ಬಂದ ರಾಯರು ನೋಡದೆ ಅದೇ ಕಲ್ಲಿನ ಮೇಲೆ ಕಾಲಿಟ್ಟರು, ಕಲ್ಲು ಹೊರಳಿತು. ಯಜಮಾನರು ರಟ್ಟೆ ಹಿಡಿದು ಅವರನ್ನು ಈಚೆ ಎಳೆದರು.

ಮೇಲೆ ಹೋದರೆ ಗುಡಿಯ ಅಂಗಳದ ತುಂಬ ಹೇಸರಗತ್ತೆ! ಅತ್ತೆ ಗಂಟೆಯ ಹಗ್ಗ ಕೈಯಲ್ಲಿ ಹಿಡಿದೇ ಬೆಪ್ಪಾಗಿ ನಿಂತಿದ್ದರು, ಗಂಗಿ ಅವರ ಭುಜಕ್ಕೆ ಮೂತಿ ಒರೆಸುತ್ತಿದ್ದಳು. ಪೂಜಾರಿ ಆರತಿ ತಟ್ಟೆ ಕೆಳಗಿಟ್ಟು ಕೂಗಾಡತೊಡಗಿದ್ದ. ನಾನು ಮಾತ್ರ ಯಾರ ಮುಖವನ್ನೂ ನೋಡದೆ ಅತ್ತೆಯ ಮೇಲೇ ಹರಿಹಾಯ್ದೆ. ಹೊಸ ಗಂಟೆ ದೇವರಿಗೆ ಅಂದಿದ್ದಿರಲ್ಲ, ಈ ಹಳೆಯದನ್ನು ಯಾಕೆ ತಂದಿರಿ, ಇವತ್ತು ಮನೆ ಮುಳುಗುತ್ತಿತ್ತು ಎಂದೆ.

“ಹರಕಿ ಹೊತ್ತಾಗ ನಾ ಕೈ ಇಟ್ಟಿದ್ದು ಹೊಸಾ ಗಂಟಿ ಮ್ಯಾಲಲ್ಲ, ಇದರ ಮ್ಯಾಲೆ” ಎಂದರು ಅತ್ತೆ. “ಒಂದು ತೋರಿಸಿ ಇನ್ನೊಂದು ಕೊಟ್ಟರ ಶಿವ ಮೆಚ್ಚತಾನೇನು?”

“ಏನಂತ ಹೊತ್ತಿದ್ರಿ?”

ಅವರು ಗಂಗಿಯ ಕಡೆ ನೋಡಿದರು. “ಇವು ನಮ್ಮ ಹಿತ್ತಲದಾಗ ಉಳೀಲಿ ಅಂತ.”

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಹಿತ್ತಲಿಗೆ ಕಾಲಿಡದ ಈ ಮುದುಕಿ ಯಾವಾಗ ಹೋಗಿ ಗಂಗಿಯ ಕೊರಳು ಮುಟ್ಟಿದ್ದರೋ!

ದೇವರಿಗೆ ಕೊಟ್ಟದ್ದನ್ನು ತಿರುಗಿ ಕೇಳುವಂತಿಲ್ಲ ಎಂದು ಪೂಜಾರಿ ಮೊದಲೇ ಹೇಳಿಬಿಟ್ಟ. ಅತ್ತೆ ಅವನಿಗೆ ಕೈ ಮುಗಿದರು. “ಕಾಯಿ ಒಡೆಸಿದರ ಒಂದು ಹೋಳು ನಮಗ ತಿರುಗಿ ಕೊಡತೀರಲ್ರಿ ಅಯ್ಯನವರ? ಗಂಟಿನೂ ಹಂಗ ಕೊಡ್ರಿ. ಪ್ರಸಾದ ಅಂತ ಒಯ್ತೀನಿ.”

ಪೂಜಾರಿ ಯೋಚನೆಗೆ ಬಿದ್ದ. ಅಷ್ಟರಲ್ಲಿ ಸುಬೇದಾರ ಬಾಳೆಹಣ್ಣಿನ ಬುಟ್ಟಿಗೆ ಮೂತಿ ಇಟ್ಟ. ಪೂಜಾರಿಯ ಯೋಚನೆ ಬೇಗ ಮುಗಿಯಿತು. ಹಳೆಯ ಗಂಟೆ ಬಿಚ್ಚಿ ವಿಭೂತಿ ಹಚ್ಚಿ ಅತ್ತೆಯ ಸೆರಗಿಗೆ ಹಾಕಿದ, ಯಜಮಾನರ ಕೈಯಲ್ಲಿದ್ದ ಹೊಸದನ್ನು ಅದೇ ಜಾಗದಲ್ಲಿ ಕಟ್ಟಿದ.

ರಾಯರು ಏದುಸಿರು ಬಿಡುತ್ತ ಒಂದೊಂದೇ ಮೂಟೆ ಮುಟ್ಟಿ ನೋಡಿದರು. ಒಂದೂ ಜರುಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ನಗತೊಡಗಿದರು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎತ್ತು ಹೊಡೆದುಕೊಂಡು ಮನೆಗೆ ಹೋಗಲು ಗವಿಸಿದ್ದಪ್ಪನಿಗೆ ಹೇಳಿರಿ, ಸುಗ್ಗಿಯವರೆಗೆ ಕೆಲಸ ನಿಮ್ಮದೇ ಎಂದರು. ಯಜಮಾನರು ಸುಬೇದಾರನ ಕೊರಳು ತಬ್ಬಿಕೊಂಡರು. ನಾನೋ ಕುಣಿಯುವುದೊಂದು ಬಾಕಿ.

ಅತ್ತೆ ತಮ್ಮ ಕೈಯಾರೆ ಗಂಗಿಗೆ ಗಂಟೆ ಕಟ್ಟಿದರು. ಗಂಗಿ ಕೊರಳು ಕೊಡವಿದಳು, ಒಡಕು ದನಿ ಹೊರಟಿತು, ಎಂಟೂ ಸಾಲು ಹಿಡಿದು ಇಳಿದವು. ಬುಡಕ್ಕೆ ಬಂದ ಮೇಲೆ ಗಣಿಯ ದಾರಿ ಹಿಡಿಯಲು ನಾನು ಬುತ್ತಿಗಂಟು ಹೆಗಲಿಗೇರಿಸಿದೆ. ಆಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, ಏನೂ ತಿಳಿಯದವಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

“ದಾರ‍್ಯಾಗ ತಿಳಿನೀರು ನೋಡಿ ಕುಡಸು, ಚೆನ್ನಬಸಮ್ಮ. ಕಲಕಿದ್ದು ಅವು ಮುಟ್ಟೂದಿಲ್ಲ.”