ಸಿಗ್ನೆ ಓಟು ಕೇಳಿದ ವರ್ಷ

ಸೂಲಗಿತ್ತಿ ಸಿಗ್ನೆಗೆ ಜನರ ಹೆಸರಿಗಿಂತ ಅವರು ಹುಟ್ಟಿದ ಬಗೆ ಚೆನ್ನಾಗಿ ನೆನಪಿರುತ್ತಿತ್ತು. ಆರಡಿ ಎತ್ತರದ, ಗಡ್ಡಕ್ಕೆಲ್ಲ ಸಮುದ್ರದ ಉಪ್ಪು ಹಿಡಿದ ಹಾಲ್ವಾರ್ ಅಂಗಡಿಯ ಮುಂದೆ ಎದುರಾದರೆ, ತಲೆಯೆತ್ತಿ ಒಂದು ಗಳಿಗೆ ನೋಡಿ, "ನೀನು ಕಾಲು ಮುಂದೆ ಮಾಡ್ಕೊಂಡು ಬಂದವನಲ್ವೇನೋ? ಇವತ್ತಿಗೂ ಹಾಗೇ ಇದೀಯ, ತಲೆ ಬರೋಕ್ಕೆ ಮೊದಲೇ ಕಾಲು ಹಾಕ್ತೀಯ" ಎಂದುಬಿಡುತ್ತಿದ್ದಳು. ಸುತ್ತ ನಿಂತವರೆಲ್ಲ ನಗುತ್ತಿದ್ದರು. ಆ ನಗುವವರಲ್ಲಿ ಅರ್ಧ ಜನ ಮೊದಲ ಸಲ ಅತ್ತದ್ದು ಅವಳ ಕೈಯಲ್ಲೇ ಆದ್ದರಿಂದ, ಬಹಳ ಹೊತ್ತು ನಗುವ ಧೈರ್ಯ ಯಾರಿಗೂ ಇರಲಿಲ್ಲ. ಬ್ಯಾಂಕಿನ ಮ್ಯಾನೇಜರು ಹುಟ್ಟಿದಾಗ ಅವರನ್ನು ಅಳಿಸಲು ನಾಲ್ಕು ಏಟು ಬೇಕಾಗಿತ್ತು ಎಂಬುದು ಸ್ಕಾರ್‌ವಿಕ್ ಊರಿಗೆಲ್ಲ ಗೊತ್ತಿತ್ತು. ಪಾದ್ರಿಯವರೊಬ್ಬರೇ ಬಚಾವು, ಅವರು ಪರ ಊರಿನವರು.

ಮೂವತ್ತನಾಲ್ಕು ವರ್ಷ ಅವಳು ಈ ಕೊಲ್ಲಿಯ ಎರಡೂ ದಂಡೆಗಳ ಮನೆಗಳಿಗೆ ನಡೆದು, ಸ್ಕೀ ಕಟ್ಟಿಕೊಂಡು, ತಾನೇ ದೋಣಿಗೆ ಹುಟ್ಟು ಹಾಕಿ ಹೋಗಿ ಬಂದವಳು. ಗಿಡ್ಡ ಗಿಡ್ಡ ಹೆಜ್ಜೆಗಳ, ಎದೆ ಮುಂದೆ ಮಾಡಿದ ಅವಸರದ ನಡಿಗೆ ಅವಳದು. ಭಾನುವಾರ ಇಗರ್ಜಿಗೆ ಬರುವಾಗಲೂ ಅಲ್ಲಿ ಯಾರಿಗೋ ನೋವು ಶುರುವಾಗಿದೆಯೇನೋ ಎನ್ನುವಂತೆಯೇ ಬರುತ್ತಿದ್ದಳು. ತೀರಿಕೊಂಡ ಗಂಡನ ಎಣ್ಣೆಬಟ್ಟೆಯ ಮಳೆಕೋಟೊಂದನ್ನು ಎರಡೂ ತೋಳು ಮೊಣಕೈವರೆಗೆ ಕತ್ತರಿಸಿ ತೊಡುತ್ತಿದ್ದಳು. ಚಳಿಯಲ್ಲಿ ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕೈ ತೊಳೆಯೋ ಹೊತ್ತಿಗೆ ತೋಳು ಮಡಿಸ್ತಾ ಕೂತ್ರೆ ಮಗು ಕಾಯುತ್ತೇನೇ?" ಎಂದಳು. ಯಾರ ಮನೆಗೆ ಹೋದರೂ ಮೊದಲು ನಲ್ಲಿಯ ಬಳಿ ಹೋಗಿ ಕೈ ತೊಳೆಯದೆ ಕುರ್ಚಿ ಮುಟ್ಟುತ್ತಿರಲಿಲ್ಲ. ಬಂದದ್ದು ಬರಿಯ ಕಾಫಿಗಾದರೂ ಸರಿ, ಸಾವಿನ ಮನೆಗಾದರೂ ಸರಿ.

ನನ್ನ ಎರಡು ಮಕ್ಕಳೂ ಅವಳ ಕೈಯಲ್ಲಿ ಹುಟ್ಟಿದವು. ಎರಡೂ ಹುಟ್ಟಿದ್ದು ಹಳೆಯ ಡಾಕ್ಟರ ಮನೆಯ ಮಹಡಿಯ ಹೆರಿಗೆ ಕೋಣೆಯಲ್ಲಿ. ಮೂರು ಮಂಚ, ನೀರಿನ ಕಡೆಗೆ ಒಂದು ಕಿಟಕಿ, ಪ್ರಾರ್ಥನಾಮಂದಿರದ ನಮ್ಮ ಹೆಂಗಸರ ಹೆಣಿಗೆ ಕೂಟ ಹೊಲಿದುಕೊಟ್ಟ ನೀಲಿ ಪರದೆ, ಇಷ್ಟೇ ಆ ಕೋಣೆ. ಎಪ್ಪತ್ತೊಂಬತ್ತರ ವಸಂತದಲ್ಲಿ ಜಿಲ್ಲಾ ಮಂಡಳಿಯಿಂದ ಪತ್ರ ಬಂತು. ಹೆರಿಗೆಗಳ ಸಂಖ್ಯೆ ಸಾಲದು, ತಾಯಂದಿರು ಲಾಂಚಿನಲ್ಲಿ ಪಟ್ಟಣದ ಆಸ್ಪತ್ರೆಗೆ ಹೋಗಬಹುದು, ಪ್ರಯಾಣ ಎರಡು ಗಂಟೆ ಇಪ್ಪತ್ತು ನಿಮಿಷ ಎಂದು ಅದರಲ್ಲಿತ್ತು. ಫೆಬ್ರವರಿಯ ಗಾಳಿಯಲ್ಲಿ ಎಷ್ಟು ಹೊತ್ತು ಎಂದು ಬರೆದಿರಲಿಲ್ಲ. ಬರೆದವರು ಫೆಬ್ರವರಿಯಲ್ಲಿ ಈ ನೀರಿನ ಮೇಲೆ ಕಾಲಿಟ್ಟವರಲ್ಲ. ಸೆಪ್ಟೆಂಬರಿನಲ್ಲಿ ಆರಿಸಿ ಬರುವ ಹೊಸ ಪಂಚಾಯತಿ ಮುಚ್ಚುವುದು ಬೇಡವೆಂದರೆ ಕೋಣೆ ಇನ್ನೂ ಐದು ವರ್ಷ ಉಳಿಯುತ್ತದೆ, ಒಪ್ಪಿದರೆ ಹೊಸ ವರ್ಷಕ್ಕೆ ಬೀಗ.

ಅರವತ್ತೆರಡು ವರ್ಷದ ಸಿಗ್ನೆ ಆ ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಹಾಗಾದ್ರೆ ನಾನು ಪಂಚಾಯತಿ ಒಳಗೆ ಹೋಗ್ಬೇಕು" ಎಂದಳು. ಯಾವ ಪಕ್ಷಕ್ಕೂ ಸೇರದ ನಮ್ಮ ಊರಪಟ್ಟಿಯವರು ಅವಳ ಹೆಸರನ್ನು ಹನ್ನೊಂದು ಹೆಸರುಗಳಲ್ಲಿ ಮೊದಲನೆಯದಾಗಿ ಅಚ್ಚು ಹಾಕಿಸಿದರು.

ನಮ್ಮ ಕಡೆ ಅಭ್ಯರ್ಥಿಯಾದವರು ತಮಗಾಗಿ ಬಾಯಿಬಿಟ್ಟು ಓಟು ಕೇಳುವುದಿಲ್ಲ. ಹೆಸರು ಪಟ್ಟಿಯಲ್ಲಿ ಬಂದ ಮೇಲೆ, ಅದು ತನಗೆ ಗೊತ್ತೇ ಇಲ್ಲವೆನ್ನುವಂತೆ ಅಂಗಡಿಗೆ ಹೋಗುವುದು, ಯಾರಾದರೂ ಮಾತೆತ್ತಿದರೆ "ಅಯ್ಯೋ, ನನ್ನಿಂದ ಏನಾಗುತ್ತೆ" ಎಂದು ನೆಲ ನೋಡುವುದು ರೂಢಿ. ಹೀಗೆ ನೆಲ ನೋಡಿಕೊಂಡೇ ಮೂರು ಅವಧಿ ಗೆದ್ದವರಿದ್ದಾರೆ. ಸಿಗ್ನೆಗೆ ಆ ವಿದ್ಯೆ ಬರಲಿಲ್ಲ. ಆಗಸ್ಟಿನಲ್ಲಿ ಹುಲ್ಲು ಒಣಗಿಸುವ ಕೆಲಸ ಮುಗಿಯುತ್ತಿದ್ದಂತೆ ಒಂದೊಂದೇ ಮನೆಯ ಬಾಗಿಲು ತಟ್ಟಲು ಹೊರಟಳು. ಪಟ್ಟಿಯ ಮುಖಂಡ, ಅಂಗಡಿಯ ಆನ್‌ಫಿನ್, ದಾರಿಯಲ್ಲೇ ಅವಳನ್ನು ತಡೆದ.

"ಸಿಗ್ನೆ, ಮಾರಾಯ್ತಿ, ನಿನ್ನ ಹೆಸರು ಮೊದಲಲ್ಲೇ ಇದೆ, ಓಟು ತಾನಾಗೇ ಬರುತ್ತೆ. ಹೀಗೆ ಕೇಳ್ಕೊಂಡು ತಿರುಗಿದ್ರೆ ಜನ ಏನಂತಾರೆ?"

"ಏನಂತಾರೆ?"

"ಆಸೆಬುರುಕಿ ಅಂತಾರೆ."

"ಆಸೆ ಇದೆಯಲ್ಲಪ್ಪ. ಇಲ್ಲ ಅಂದ್ರೆ ಸುಳ್ಳು ಹೇಳ್ದಂಗಾಗುತ್ತೆ" ಎಂದು ಅವಳು ಮುಂದಿನ ಮನೆಗೆ ನಡೆದಳು.

ಕೆಲವು ಮನೆಗಳಿಗೆ ನಾನೂ ಜೊತೆಗೆ ಹೋಗಿದ್ದೆ. ಹಾಲ್ವಾರ್‌ನ ಮನೆಯಲ್ಲಿ ಅವನ ಹೆಂಡತಿ ಸುನ್ನಿವಾ ವಾಫಲ್ ಸುಡುತ್ತಿದ್ದಳು. ಅವಳಿಗೆ ಆಗ ಮೂರು ತಿಂಗಳು. ಸಿಗ್ನೆ ಕೈ ತೊಳೆದು ಕುಳಿತಳು.

"ಓಟು ಕೇಳೋಕೆ ನೀವು ಬರ್ಬೇಕಾ? ನಾವೇನು ಬೇರೆಯವ್ರಾ?" ಎಂದ ಹಾಲ್ವಾರ್. "ಕಾಫಿ ಕುಡೀರಿ ಮೊದ್ಲು."

"ಕಾಫಿ ಎಲ್ಲರ ಮನೇಲೂ ಸಿಕ್ತು ಕಣೋ, ಹೊಟ್ಟೆ ತುಂಬ ಅದೇ ಕುಲುಕಾಡ್ತಿದೆ. ನನಗೆ ಬೇಕಾಗಿರೋದು ಮಾತು. ನನ್ನ ಹೆಸರಿಗೆ ಗೀಟು ಹಾಕ್ದೆ ಹಾಗೇ ಬಿಡ್ತೀಯಾ?"

"ಬಿಡ್ದೆ ಇನ್ನೇನು! ನಮ್ಮ ಮಗು ಎಲ್ಲಿ ಹುಟ್ಬೇಕು ಹಾಗಾದ್ರೆ?"

ಸಿಗ್ನೆ ಸುನ್ನಿವಾಳ ಕಡೆ ತಿರುಗಿ, "ನೀನು ಅಮ್ಮನಿಗೆ ಒಂದು ಚೂರೂ ಕಷ್ಟ ಕೊಡ್ದೆ ಬಂದವಳು. ಇದು ನಿನ್ನ ಥರ ಆದ್ರೆ ಚಿಂತೆ ಇಲ್ಲ, ಇವನ ಥರ ಆದ್ರೆ ನಾನು ಹತ್ರದಲ್ಲಿರ್ಬೇಕು" ಎಂದಳು. ಎಲ್ಲರೂ ನಕ್ಕೆವು. ವಾಫಲಿನ ಮೇಲೆ ಕಂದು ಚೀಸ್ ಇಟ್ಟು ತಿಂದೆವು. ನಲವತ್ತಕ್ಕೂ ಹೆಚ್ಚು ಅಡುಗೆಮನೆಗಳಲ್ಲಿ ಅವಳಿಗೆ ಸಿಕ್ಕಿದ್ದು ಇದೇ ಬಗೆಯ ನಗು, ಇದೇ ಬಗೆಯ ಮಾತು.

ನಮ್ಮ ಓಟಿನ ಪದ್ಧತಿಯಲ್ಲಿ ಒಂದು ಹಕ್ಕಿದೆ. ಚೀಟಿ ಹಿಡಿದು ಪರದೆಯ ಹಿಂದೆ ಹೋದವರು, ಅಲ್ಲಿ ದಾರಕ್ಕೆ ಕಟ್ಟಿಟ್ಟ ಪೆನ್ಸಿಲಿನಿಂದ, ತಾವು ಆರಿಸಿದ ಪಟ್ಟಿಯಲ್ಲೇ ತಮಗೆ ಬೇಡದ ಹೆಸರಿಗೆ ಗೀಟು ಹಾಕಬಹುದು. ಪಟ್ಟಿಗೆ ಎಷ್ಟು ಸ್ಥಾನ ಎಂಬುದನ್ನು ಚೀಟಿಗಳ ಲೆಕ್ಕ ತೀರ್ಮಾನಿಸುತ್ತದೆ. ಆ ಸ್ಥಾನಗಳಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಗೀಟುಗಳು. ಹೆಚ್ಚಿನವರು ಪೆನ್ಸಿಲನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಹತ್ತಿಪ್ಪತ್ತು ಗೀಟು ಬಿದ್ದರೂ ಸಾಕು, ಮೊದಲನೆಯ ಹೆಸರು ತಳ ಸೇರುತ್ತದೆ. ನಮ್ಮ ಜನರಿಗೆ ಇದು ತಿಳಿಯದ ವಿಷಯವಲ್ಲ. ಆದರೂ ಪರದೆಯ ಹಿಂದೆ ನಿಂತಾಗ ಪ್ರತಿಯೊಬ್ಬರೂ, ಗೀಟು ಹಾಕುವವರು ಇಡೀ ಊರಿನಲ್ಲಿ ತಾವೊಬ್ಬರೇ ಎಂದು ತಿಳಿಯುತ್ತಾರೆ.

ಊರಪಟ್ಟಿಗೆ ಇನ್ನೂರ ಹದಿನಾಲ್ಕು ಚೀಟಿ ಬಂದವು, ಪಂಚಾಯತಿಯ ಹದಿನೇಳರಲ್ಲಿ ನಾಲ್ಕು ಸ್ಥಾನ ದೊರೆತವು. ಶಾಲೆಯ ಮೆಟ್ಟಿಲ ಮೇಲೆ ನಿಂತು ಆನ್‌ಫಿನ್ ಗೆದ್ದವರ ಹೆಸರು ಓದಿದ; ಎರಡನೆಯ, ಮೂರನೆಯ, ನಾಲ್ಕನೆಯ ಹೆಸರಿನವರು, ಆಮೇಲೆ ಐದನೆಯ ಹೆಸರಿನ ನಿಲ್ಸ್, ಅಂದರೆ ಹಾಲ್ವಾರ್‌ನ ಚಿಕ್ಕಪ್ಪ. ಸಿಗ್ನೆಯ ಹೆಸರಿಗೆ ಅರವತ್ತೊಂದು ಗೀಟು ಬಿದ್ದಿದ್ದವು. ಹನ್ನೊಂದರಲ್ಲಿ ಅವಳು ಹನ್ನೊಂದನೆಯವಳಾಗಿದ್ದಳು. ಆನ್‌ಫಿನ್ ಅದನ್ನು ಓದುವಾಗ ಕಾಗದವನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದ. ಅವಳು ಕೇಳಿಸಿಕೊಂಡು, ತಲೆಯ ಸ್ಕಾರ್ಫ್ ಬಿಗಿಯಾಗಿ ಕಟ್ಟಿಕೊಂಡು, ನಿಲ್ಸ್‌ನ ಬಳಿ ಹೋಗಿ ಕೈ ಕುಲುಕಿ, "ಕೋಣೆ ನಿನ್ನ ಕೈಲಿದೆ" ಎಂದಷ್ಟೇ ಹೇಳಿ ಮನೆಗೆ ಹೋದಳು.

ಆ ಗುರುವಾರ ಹೆಣಿಗೆ ಕೂಟದಲ್ಲಿ ನಾವು ಹನ್ನೊಂದು ಹೆಂಗಸರಿದ್ದೆವು. ಸಿಗ್ನೆ ಬಂದಿರಲಿಲ್ಲ. ಪ್ರಾರ್ಥನೆಯಾದ ಮೇಲೆ ಬೋರ್ಗ್ನಿ ಎಂಬಾಕೆ ಕಣ್ಣೊರೆಸಿಕೊಳ್ಳುತ್ತ, "ನಾನು ಒಂದು ಗೀಟು ಹಾಕ್ದೆ, ನಿಜ. ಅವಳು ಬೇಡ ಅಂತಲ್ಲ ಕಣ್ರೇ. ಅವಳಂತೂ ಗೆದ್ದೇ ಗೆಲ್ತಾಳೆ, ಪಟ್ಟಿಯಲ್ಲಿ ಕೆಳಗಿರೋ ನಮ್ಮ ಭಾವನಿಗೂ ಸ್ವಲ್ಪ ದಾರಿಯಾಗ್ಲಿ ಅಂತ" ಎಂದಳು. "ನಾನೂ ಹಾಗೇ ಅಂದ್ಕೊಂಡೆ" ಎಂದಳು ಪಕ್ಕದವಳು. ಮೂರನೆಯವಳು ದಾರದುಂಡೆ ನೋಡುತ್ತ, "ಬಾಯಿಬಿಟ್ಟು ಕೇಳ್ಕೊಂಡು ಬಂದಿದ್ದು ನನಗೆ ಹಿಡಿಸ್ಲಿಲ್ಲ. ಒಂಚೂರು ತಗ್ಗಲಿ ಅನ್ನಿಸ್ತು, ಅಷ್ಟೆ" ಎಂದಳು. ಹೀಗೆ ಆ ಒಂದು ಕೋಣೆಯಲ್ಲೇ ಏಳು ಗೀಟು ಹೊರಬಿದ್ದವು. ಏಳೂ ಜನ ಆ ನೀಲಿ ಪರದೆಯನ್ನು ಹೊಲಿದವರು, ಅದರ ಹಿಂದೆ ಮಲಗಿ ಹೆತ್ತವರು. ನಾನು ಗೀಟು ಹಾಕಿರಲಿಲ್ಲ. ಆದರೆ ಅವರಿಗೆ ಒಂದು ಮಾತು ಆಡಲೂ ಇಲ್ಲ, ಕಾಫಿ ಬಗ್ಗಿಸಿ ಕೊಟ್ಟೆ. ಇದನ್ನು ಬರೆಯುವಾಗ ಆ ನನ್ನ ಮೌನದ ಮೇಲೂ ಸಿಟ್ಟು ಬರುತ್ತದೆ. ಅರವತ್ತೊಂದು ಜನರಲ್ಲಿ ಒಬ್ಬರಾದರೂ ಕೋಣೆ ಮುಚ್ಚಲಿ ಎಂದವರಿದ್ದಿದ್ದರೆ ಎದುರಾಳಿಯೆಂದು ಅವರನ್ನಾದರೂ ಗೌರವಿಸಬಹುದಿತ್ತು. ನನಗೆ ತಿಳಿದ ಮಟ್ಟಿಗೆ ಅಂಥವರು ಒಬ್ಬರೂ ಇರಲಿಲ್ಲ.

ಹೊಸ ಪಂಚಾಯತಿಯ ನವೆಂಬರಿನ ಸಭೆಯಲ್ಲಿ ಎಂಟು ಕೈ ಆ ಕಡೆ, ಎಂಟು ಕೈ ಈ ಕಡೆ ಎದ್ದವು. ಉಳಿದವನು ನಿಲ್ಸ್. ಕೋಣೆ ಮುಚ್ಚಲು ಒಪ್ಪಿದರೆ ಲಾಂಚು ಬಂದು ನಿಲ್ಲಲು ಹೊಸ ಧಕ್ಕೆ ಕಟ್ಟಿಕೊಡುವುದಾಗಿ ಜಿಲ್ಲಾ ಮಂಡಳಿ ಮಾತು ಕೊಟ್ಟಿತ್ತು. ಅವನು ಕೆಟ್ಟವನಲ್ಲ, ಸದ್ದಿಲ್ಲದ, ಯಾರನ್ನೂ ಎದುರು ಹಾಕಿಕೊಳ್ಳದ ಮನುಷ್ಯ, ನೆಲ ನೋಡುವವರ ಸಾಲಿನವನು. "ದೊಡ್ಡವ್ರು ಯೋಚ್ನೆ ಮಾಡೇ ಬರ್ದಿರ್ತಾರೆ" ಎಂದು ಮುಚ್ಚುವ ಕಡೆಗೆ ಕೈ ಎತ್ತಿದ. ಜನವರಿಯಲ್ಲಿ ಬೀಗ ಬಿತ್ತು. ನೀಲಿ ಪರದೆಯನ್ನು ಬಿಚ್ಚಿ, ಒಗೆದು, ಮಡಿಸಿ ನಮ್ಮ ಕೂಟಕ್ಕೆ ತಂದುಕೊಟ್ಟವಳು ಸಿಗ್ನೆಯೇ.

ಫೆಬ್ರವರಿಯ ಮೂರನೆಯ ವಾರ, ಬೆಳಗಿನ ಲಾಂಚಿನಲ್ಲಿ ನಾನು ಕನ್ನಡಕ ಬದಲಾಯಿಸಲು ಪಟ್ಟಣಕ್ಕೆ ಹೊರಟಿದ್ದೆ. ನೋವು ಶುರುವಾಗಿದ್ದ ಸುನ್ನಿವಾಳನ್ನು ಹಾಲ್ವಾರ್ ಹೆಚ್ಚುಕಡಿಮೆ ಎತ್ತಿಕೊಂಡೇ ಹತ್ತಿದ. ಹಿಂದೆಯೇ ಸಿಗ್ನೆ, ಕೈಯಲ್ಲಿ ಅದೇ ಹಳೆಯ ಚೀಲ. ಅವಳಿಗೆ ಆಗ ಹುದ್ದೆಯೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಕೊಲ್ಲಿಯ ಬಾಯಿ ದಾಟುತ್ತಿದ್ದಂತೆ ಗಾಳಿ ಪಕ್ಕದಿಂದ ಹೊಡೆಯಿತು. ಕಾಫಿ ಮಾರುವ ಕೋಣೆಯ ಬೆಂಚಿನ ಮೇಲೆ, ಪ್ರಯಾಣಿಕರ ಕೋಟುಗಳನ್ನು ಹಾಸಿ, ಸಿಗ್ನೆ ಮಂಡಿಯೂರಿದಳು. ಗಂಡಸರು ಟೋಪಿ ಕೈಯಲ್ಲಿ ಹಿಡಿದು ಹೊರಗೆ ಹಿಮದಲ್ಲಿ ನಿಂತರು. ನಾನು ಬೆಂಚು ಜಾರದಂತೆ ಒತ್ತಿ ಹಿಡಿದಿದ್ದೆ, ಮನಸ್ಸಿನಲ್ಲಿ ಬಂದ ಪ್ರಾರ್ಥನೆಗೆ ಮೊದಲೂ ಇರಲಿಲ್ಲ ಕೊನೆಯೂ ಇರಲಿಲ್ಲ. ಮಗು ಅಪ್ಪನ ಹಾಗೆ ಕಾಲು ಮುಂದಾಗಿಯೇ ಬಂತು, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಬಂತು, ನೀಲಿಗಟ್ಟಿತ್ತು. ಸಿಗ್ನೆ ಬಳ್ಳಿ ಬಿಡಿಸಿ, ಮಗುವಿನ ಬೆನ್ನು ತಟ್ಟಿದಳು, ಉಜ್ಜಿದಳು. ಆಮೇಲೆ ಮಗು ಅತ್ತಿತು. ಹೊರಗಿನ ಗಂಡಸರಲ್ಲಿ ಯಾರೋ ಜೋರಾಗಿ ಬಿಕ್ಕಿದರು.

ಇದಾಗಿ ಒಂದು ವಾರಕ್ಕೆ ಅಂಗಡಿಯಲ್ಲಿ ಆನ್‌ಫಿನ್ ಮೀನು ತೂಗುತ್ತ ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ. "ನೋಡಿದ್ರಾ? ಲಾಂಚಲ್ಲೂ ಏನೂ ಆಗ್ಲಿಲ್ಲ. ಸುಮ್ನೆ ಹೆದರಿಸ್ತಿದ್ರು." ಅಲ್ಲಿದ್ದವರು ಹೌದು ಹೌದು ಎಂದರು. ತಾಯಿ ಮಗು ಬದುಕಿದ್ದೇ ಕೋಣೆ ಬೇಡವಾಗಿತ್ತು ಎನ್ನುವುದಕ್ಕೆ ಸಾಕ್ಷಿಯಾಯಿತು! ಸಿಗ್ನೆ ತನ್ನ ಕೈಯಿಂದಲೇ ತನ್ನ ಮಾತನ್ನು ಸುಳ್ಳು ಮಾಡಿಕೊಂಡಳು. ಆ ಕೂಸು ಸತ್ತಿದ್ದರೆ ಮಾತ್ರ ಅವಳು ಹೇಳಿದ್ದು ನಿಜವೆಂದು ಈ ಜನ ಒಪ್ಪುತ್ತಿದ್ದರು. ನಾನು ತೂಗಿಸಿದ ಮೀನನ್ನು ಅಲ್ಲೇ ಬಿಟ್ಟು ಬಂದೆ. ಅದಕ್ಕಿಂತ ಹೆಚ್ಚಿನ ಧೈರ್ಯ ಆಗಲೂ ಬರಲಿಲ್ಲ.

ಹಿಮ ಕರಗಿದ ಮೇಲೆ ಹಾಲ್ವಾರ್ ಒಂದು ಮಧ್ಯಾಹ್ನ, ಹೊಗೆಯಲ್ಲಿ ಒಣಗಿಸಿದ ಕುರಿತೊಡೆ ಹಿಡಿದು ಸಿಗ್ನೆಯ ಮನೆಗೆ ಬಂದ. ನಾನು ಅಲ್ಲೇ ಕುಳಿತು ನೂಲು ಸುತ್ತುತ್ತಿದ್ದೆ. ಅವನು ಮಾಂಸವನ್ನು ಮೇಜಿನ ಮೇಲಿಟ್ಟು, ಬಾಗಿಲ ಹತ್ತಿರವೇ ನಿಂತ.

"ನಾನೂ ಗೀಟು ಹಾಕಿದ್ದೆ. ಚಿಕ್ಕಪ್ಪ ಒಂದು ಸಲ ಆದ್ರೂ ಬರ್ಲಿ ಅಂತ. ನೀವು ಹೇಗೂ ಬರ್ತೀರಲ್ಲ ಅಂತ. ಒಂದೇ ಒಂದು ಹಾಕಿದ್ದು."

ಸಿಗ್ನೆ ಕುರಿತೊಡೆಯನ್ನು ಮೇಜಿನ ಒಂದು ಬದಿಗೆ ಸರಿಸಿದಳು. "ಗೊತ್ತು ಕಣೋ. ಅರವತ್ತೊಂದು ಜನಾನೂ ಒಂದೊಂದೇ ಹಾಕಿದ್ದು. ಇಬ್ಬಿಬ್ಬರ ಪಾಲು ಯಾರೂ ಹಾಕ್ಲಿಲ್ಲ" ಎಂದಳು. ಅವಳು ದನಿ ಇಳಿಸಲಿಲ್ಲ, ಏರಿಸಲೂ ಇಲ್ಲ. "ಮಗು ಹಾಲು ಕುಡೀತಿದೆಯಾ? ತೂಕ ಬಂದಿದೆಯಾ?" ಎಂದು ಕೇಳಿದಳು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. ಕ್ಷಮಿಸು ಎಂದು ಸಣ್ಣಂದಿನಿಂದ ಕಲಿತು ಬಂದ ನನಗೂ, ಅವತ್ತು ಅವಳು ಹಾಗೆ ಹೇಳದಿದ್ದದ್ದು ಸರಿಯೆಂದೇ ಕಂಡಿತು.

ಇಂಥ ಹೆಂಗಸರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಶತ್ರುಗಳಿರುವುದಿಲ್ಲ, ಅವರನ್ನು ಕೆಡವುವವರೆಲ್ಲ ಅವರ ಕೈಯಲ್ಲಿ ಬೆಳೆದವರು, ಅವರಿಗೆ ಪ್ರೀತಿಯಿಂದ ಕಾಫಿ ಕೊಟ್ಟವರು. ನಮಗೆ ಅವರ ಕೈ ಬೇಕು, ಎಂಥ ಬಿರುಗಾಳಿಯಲ್ಲೂ ಬೇಕು. ಆದರೆ ಆ ಕೈಗೆ ಒಂದು ಬಾಯಿಯೂ ಇದೆ, ಅದು ತನಗೇನು ಬೇಕೆಂದು ನಾಚಿಕೆಯಿಲ್ಲದೆ ಹೇಳುತ್ತದೆ ಎಂದು ತಿಳಿದ ದಿನ, ಅವರು ಸ್ವಲ್ಪ ತಗ್ಗಲಿ ಎನ್ನಿಸುತ್ತದೆ. ಅವರು ತಗ್ಗುವುದಿಲ್ಲ. ಸೋತ ಮರುದಿನವೂ ಕರೆದ ಕಡೆ ಹೋಗುತ್ತಾರೆ, ನಮ್ಮ ತಪ್ಪುಗಳನ್ನು ತಮ್ಮ ಕೈಯಿಂದ ಸರಿಪಡಿಸುತ್ತಾರೆ, ಮತ್ತು ಅವರು ಅಷ್ಟು ಚೆನ್ನಾಗಿ ಸರಿಪಡಿಸುವುದರಿಂದಲೇ ನಾವು ತಪ್ಪು ಮಾಡಿದೆವೆಂದು ನಮಗೆ ಎಂದೂ ತಿಳಿಯುವುದಿಲ್ಲ.